ಒಂದು ತಾಸಿಗೆ ಎರಡು ವರ್ಷ

ಹಳದಿ ಎಂದರೆ ಕೊಳೆ ಎಂದು ನಾವೆಲ್ಲ ನಂಬಿದ್ದೆವು.

ಹಳೆಯ ವಿಡಿಯೋ ಗೇಮ್ ಕನ್ಸೋಲ್‌ಗಳನ್ನು ಹುಡುಕಿ ತಂದು, ರಿಪೇರಿ ಮಾಡಿ, ಒಬ್ಬರಿಗೊಬ್ಬರು ಅದಲು ಬದಲು ಮಾಡಿಕೊಳ್ಳುವವರ ಒಂದು ಬಳಗ ಹುಬ್ಬಳ್ಳಿ-ಧಾರವಾಡದಲ್ಲಿದೆ. ನನ್ನ ಗಂಡ ಜಿನದತ್ತ ಅದರಲ್ಲಿ ಒಬ್ಬನಾಗಿದ್ದ. ಆ ಕಾಲದ ಬೂದು ಪ್ಲಾಸ್ಟಿಕ್ಕು ಬಿಸಿಲು ಕಂಡು ಕಂಡು ನಶ್ಯದ ಬಣ್ಣಕ್ಕೆ ತಿರುಗಿರುತ್ತದೆ. ಅವನು ಪೆಟ್ಟಿಗೆ ಬಿಚ್ಚಿ, ಸತ್ತ ಕೆಪಾಸಿಟರುಗಳನ್ನು ಕಿತ್ತು ಹೊಸವನ್ನು ಬೆಸೆದು, ಈಗಿನ ಟಿವಿಗೆ ಹೊಂದುವಂತೆ ಬೋರ್ಡಿಗೆ ತಂತಿ ಕೂಡಿಸುತ್ತಿದ್ದ. ಕೊನೆಯ ಕೆಲಸ ಮುಚ್ಚಳದ್ದು. ಅದನ್ನು ಹೈಡ್ರೋಜನ್ ಪೆರಾಕ್ಸೈಡಿನ ಟಬ್ಬಿನಲ್ಲಿ ಮುಳುಗಿಸಿ ತಾರಸಿಯ ಬಿಸಿಲಿನಲ್ಲಿಡುವುದು. ಸಂಜೆಯ ಹೊತ್ತಿಗೆ ಅದು ಈಗಷ್ಟೇ ಅಂಗಡಿಯಿಂದ ತಂದ ಹಾಗಿರುತ್ತಿತ್ತು.

ಆ ದ್ರಾವಣದ ಪಾಕ ನನ್ನದು. ನಾನು ಓದಿದ್ದು ಪಾಲಿಮರ್ ರಸಾಯನಶಾಸ್ತ್ರ. ಮದುವೆಯಾದ ಮೊದಲ ಬೇಸಿಗೆಯಲ್ಲಿ ಅವನಿಗಾಗಿ ಅದನ್ನು ಕಂಡುಹಿಡಿದೆ. ಬೇರೆಯವರ ಪಾಕದಲ್ಲಿ ಪ್ಲಾಸ್ಟಿಕ್ಕು ಮೋಡ ಮೋಡವಾಗುತ್ತಿತ್ತು, ನನ್ನದರಲ್ಲಿ ಹಾಲಿನಂತೆ ಸಮನಾಗಿ ಬಿಳಿಯಾಗುತ್ತಿತ್ತು. ಪಾಕ ಬೆಳಗಾವಿಗೆ ಹೋಯಿತು, ಪುಣೆಗೆ ಹೋಯಿತು. ಎಷ್ಟು ಪೆಟ್ಟಿಗೆಗಳು ಅದರಲ್ಲಿ ಮುಳುಗಿ ಎದ್ದವೋ ಗೊತ್ತಿಲ್ಲ.

ಜಿನದತ್ತ ಕೊಲ್ಹಾಪುರಕ್ಕೆ ಒಂದು ಕನ್ಸೋಲ್ ತರಲು ಹೋದವನು ದಾರಿಯಲ್ಲಿ ತೀರಿಕೊಂಡ. ಹದಿನಾಲ್ಕು ತಿಂಗಳಾಯಿತು.

ಅದಾದ ಮೇಲೆ ನಾನು ವಿಶ್ವವಿದ್ಯಾಲಯದ ಲ್ಯಾಬಿಗೆ ಮರಳಿದೆ. ಅಲ್ಲಿ ಲೋಕಾಪುರ ಸರ್ ಪ್ಲಾಸ್ಟಿಕ್ಕು ಯಾಕೆ ಹಳದಿಯಾಗುತ್ತದೆ ಎಂಬ ಹಳೆಯ ಪ್ರಶ್ನೆಯನ್ನೇ ಹಿಡಿದು ಕೂತಿದ್ದರು. ಉತ್ತರ ಸುಲಭವಾಗಿತ್ತು: ಬೆಳಕು ಬಿದ್ದಲ್ಲಿ ಹಳದಿ, ನೆರಳು ಬಿದ್ದಲ್ಲಿ ಇಲ್ಲ. ಅದರ ಹಿಂದೆ ಇದ್ದದ್ದು ನಮಗ್ಯಾರಿಗೂ ಹೊಳೆದಿರಲಿಲ್ಲ. ಹಳದಿ ಮೇಲೆ ಮೇಲೆ ಕೂರುವುದಿಲ್ಲ, ವರ್ಷ ವರ್ಷ ಒಳಕ್ಕೆ ಇಳಿಯುತ್ತದೆ. ಹಳೆಯ ಬೆಳಕು ಆಳದಲ್ಲಿ, ಹೊಸದು ಮೇಲೆ. ಇನ್ನು ಕನ್ಸೋಲಿನಂಥ ಪೆಟ್ಟಿಗೆಗಳಿಗೆ ಗಾಳಿಯಾಡಲು ಸಣ್ಣ ಸೀಳುಗಳಿರುತ್ತವೆ. ಕತ್ತಲೆ ಕೋಣೆಯ ಬಾಗಿಲ ತೂತಿನಿಂದ ಬಂದ ಬೆಳಕು ಎದುರು ಗೋಡೆಯ ಮೇಲೆ ಬೀದಿಯನ್ನು ತಲೆಕೆಳಗಾಗಿ ಮೂಡಿಸುವಂತೆ, ಆ ಸೀಳುಗಳು ಕೋಣೆಯನ್ನು ಮುಚ್ಚಳದ ಒಳಮೈಯಲ್ಲಿ ಮೂಡಿಸುತ್ತಲೇ ಇರುತ್ತವೆ. ನಾವು ಮಾಡಿದ ಯಂತ್ರ ಆ ಒಳಮೈಯನ್ನು ಪದರ ಪದರವಾಗಿ ಹೆರೆದು, ಒಂದೊಂದು ಪದರದ ಹಳದಿಯನ್ನು ಅಳೆದು, ವರ್ಷಕ್ಕೊಂದು ಚಿತ್ರ ಕೊಡುತ್ತದೆ. ಹೆರೆದದ್ದು ಹೋಯಿತು. ಓದುವುದು ಒಂದೇ ಸಲ.

ಓಡಾಡುವವರು ಅದರಲ್ಲಿ ಸಿಗುವುದಿಲ್ಲ. ದಿನಾ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಕೂತವರು ಮಾತ್ರ ಮಸುಕಾದ ಬಿಳಿಯಾಗಿ ಉಳಿದಿರುತ್ತಾರೆ.

ಸುದ್ದಿ ಪತ್ರಿಕೆಗಳಲ್ಲಿ ಬಂದ ಮೇಲೆ ಜನ ಸಾಲುಗಟ್ಟಿದರು. ರೈಲ್ವೆಯಿಂದ ನಿವೃತ್ತರಾದ ಒಬ್ಬರು ಟಿವಿಯ ಹಳೆಯ ಸ್ಟೆಬಿಲೈಜರ್ ತಂದರು. ಹನ್ನೊಂದು ವರ್ಷದ ಹನ್ನೊಂದು ಚಿತ್ರಗಳಲ್ಲೂ ಒಂದು ಖಾಲಿ ಕುರ್ಚಿ ಬಂತು. "ಕುರ್ಚಿ ಅಲ್ಲೇ ಇತ್ತಲ್ರಿ, ಸಾಕು," ಎಂದು ಅವರು ಕೈಮುಗಿದು ಹೋದರು. ಇನ್ನೊಬ್ಬರು ತಮ್ಮ ಮನೆಯ ಹಳೆಯ ಸ್ವಿಚ್‌ಬೋರ್ಡುಗಳನ್ನೆಲ್ಲ ರಾತ್ರೋರಾತ್ರಿ ಕೀಳಿಸಿ ಸುಟ್ಟರಂತೆ. ಯಾಕೆಂದು ಯಾರೂ ಕೇಳಲಿಲ್ಲ. ಊರಿನಲ್ಲಿ ಹೊಸ ಅಭ್ಯಾಸಗಳು ಶುರುವಾದವು. ಕೆಲವರು ಫ್ಯಾನಿನ ರೆಗ್ಯುಲೇಟರಿಗೆ ಬಟ್ಟೆ ಮುಚ್ಚಿದರು. ಕೆಲವರು ಬೇಕೆಂದೇ ಅದರ ಎದುರು ಮಕ್ಕಳನ್ನು ಕೂರಿಸಿದರು.

ನಮ್ಮ ಬಳಗದವರಂತೂ ತಲೆಯ ಮೇಲೆ ಕೈ ಹೊತ್ತರು. ಹುಬ್ಬಳ್ಳಿಯ ಇರ್ಫಾನ್, ಜಿನದತ್ತನ ಹಳೆಯ ಗೆಳೆಯ, ಫೋನು ಮಾಡಿದ.

"ಏನ್ ಭಾಭೀ, ನಿಮ್ಮ ಯೂನಿವರ್ಸಿಟಿ ನಮ್ಮ ಧಂಧೆಕ್ಕ ಕಲ್ಲ ಹಾಕ್ತಲ್ರಿ. ಇಪ್ಪತ್ತೆಂಟು ಪೀಸ್ ಬಿಳಿ ಮಾಡಿ ಇಟ್ಕೊಂಡು ಕುಂತೀನಿ. ಈಗ ಬಂದವ್ರೆಲ್ಲಾ ಹಳದೀನ ಬೇಕಂತಾರ. ಮೊನ್ನೆ ಒಬ್ಬಾಂವ ಕೇಳ್ತಾನ, ಇದನ್ನ ತಿರುಗಿ ಹಳದಿ ಮಾಡಿ ಕೊಡ್ತೀರೇನು ಅಂತ. ಅರಿಷಿಣ ಹಚ್ಚಿ ಕೊಡ್ಲೇನಪ್ಪಾ ಅಂದೆ."

ನಾನು ನಕ್ಕೆನೋ ಇಲ್ಲವೋ ನೆನಪಿಲ್ಲ.

"ಭಾಭೀ, ನಿಮ್ಮ ಮನ್ಯಾಗ ಒಂದು ಹಳದೀದು ಐತಲ್ಲ. ಅಂವಾ ಸಣ್ಣಾಂವ ಇದ್ದಾಗಿಂದು."

"ಐತಿ."

"ಅದನ್ನ ಯಾರಿಗೂ ಕೊಡಬ್ಯಾಡ್ರಿ. ನನಗೂ ಕೊಡಬ್ಯಾಡ್ರಿ."

ಅದು ಮಾವ ಗೋವಾದಿಂದ ತಂದ ಟಿವಿ ಗೇಮ್. ಆಗ ಜಿನದತ್ತನಿಗೆ ಒಂಬತ್ತು ವರ್ಷ. ಕ್ಯಾಸೆಟ್ ಹಾಕಿ ಆಡುವಂಥದು, ಜೊತೆಗೆ ಎರಡು ರಿಮೋಟು. ಅಂದಿನಿಂದಲೂ ಅದು ನಡುಮನೆಯ ಅದೇ ಕಪಾಟಿನ ಮೇಲೆ, ಪಡುವಣ ಕಿಟಕಿಗೆ ಎದುರಾಗಿ ಇದೆ. ಜಿನದತ್ತ ಅದರ ಬೋರ್ಡನ್ನು ಹೊಸ ಟಿವಿಗೆ ಹೊಂದಿಸಿದ್ದ, ಮುಚ್ಚಳವನ್ನು ಮಾತ್ರ ಟಬ್ಬಿಗೆ ಹಾಕಿರಲಿಲ್ಲ. "ಅದು ಹಂಗ ಇರ್ಲಿ," ಎಂದಷ್ಟೇ ಹೇಳಿದ್ದ. ಅದರ ಎರಡೂ ರಿಮೋಟಿನ ಗುಂಡಿಗಳು ಸಮನಾಗಿ ಸವೆದಿದ್ದವು. ಒಬ್ಬನೇ ಮಗ, ಎರಡನೆಯದು ಹೇಗೆ ಸವೆಯಿತು ಎಂದು ಒಮ್ಮೆ ಕೇಳಿದ್ದೆ. ಅವನು ಅಷ್ಟರಲ್ಲಿ ಎದ್ದು ಹೋಗಿದ್ದ. ಅವನು ಹಾಗೇ. ಉಣ್ಣುವಾಗಲೂ ಎರಡು ಸಲ ಏಳುತ್ತಿದ್ದ.

ದಿನದಲ್ಲಿ ಅವನು ಕೂರುತ್ತಿದ್ದದ್ದು ಒಮ್ಮೆ. ಸಂಜೆ ಐದರ ಸುಮಾರಿಗೆ, ಕಿಟಕಿಯ ಕೆಳಗೆ ನೆಲದ ಮೇಲೆ, ಗೋಡೆಗೆ ಬೆನ್ನು ಕೊಟ್ಟು, ಚಹಾದ ಲೋಟ ಹಿಡಿದು. ಇಪ್ಪತ್ತು ನಿಮಿಷ. ಪಕ್ಕದಲ್ಲಿ ನಾನು. ಕಪಾಟು ಸರಿಯಾಗಿ ಎದುರಿಗೆ. ಆರು ವರ್ಷ.

ಫೋನಿನಲ್ಲಿ ಅವನ ನೂರಾರು ಫೋಟೋಗಳಿವೆ. ಎಲ್ಲದರಲ್ಲೂ ಕ್ಯಾಮರಾ ನೋಡಿ ನಗುತ್ತಾನೆ. ಸುಮ್ಮನೆ ಕೂತದ್ದು ಒಂದರಲ್ಲೂ ಇಲ್ಲ. ಅವನ ತಲೆ ನನ್ನ ಕಡೆ ಎಷ್ಟು ವಾಲಿರುತ್ತಿತ್ತು ಎಂಬುದು ನನಗೆ ಮರೆಯತೊಡಗಿತ್ತು. ಆ ಮುಚ್ಚಳದಲ್ಲಿ ಅದು ಇರಲೇಬೇಕು. ಲೋಕಾಪುರ ಸರ್ ಯಂತ್ರವನ್ನು ಒಂದು ಸೋಮವಾರ ನನಗೆಂದು ಬಿಟ್ಟುಕೊಟ್ಟರು.

*

ಮನೆಯಲ್ಲಿ ಈಗ ಇಬ್ಬರೇ, ಅತ್ತೆ ಮತ್ತು ನಾನು. ಅತ್ತೆ ಹೊತ್ತು ಮುಳುಗುವುದರೊಳಗೆ ಉಣ್ಣುವವರು, ಜೈನರ ಮನೆಯ ಪದ್ಧತಿ. ನಾನು ಅಡುಗೆಮನೆಯಲ್ಲಿ ನಿಂತೇ ಉಣ್ಣುತ್ತೇನೆ, ಒಂದು ಕೈಯಲ್ಲಿ ತಟ್ಟೆ ಹಿಡಿದು, ಬಾಗಿಲ ತನಕ ಹೋಗಿ ಬಂದು.

"ಕೂತ ಉಣ್ಣ," ಎನ್ನುತ್ತಾರೆ ಅವರು.

"ಆತ್ರಿ," ಎನ್ನುತ್ತೇನೆ. ಕೂರುವುದಿಲ್ಲ.

ನಮ್ಮ ಮಾತು ಹಾಲು, ಉಪ್ಪು, ಗ್ಯಾಸಿನ ಸಿಲಿಂಡರು, ಇಷ್ಟಕ್ಕೆ ಬಂದು ನಿಂತಿತ್ತು. ಆ ಕಪಾಟಿನ ಕಡೆ ಕಣ್ಣು ಬಿದ್ದಾಗ ಮಾತ್ರ ಅತ್ತೆ ಒಂದು ಮಾತು ಹೆಚ್ಚು ಆಡುತ್ತಿದ್ದರು. "ಈ ಡಬ್ಬಿ ಮುಂದ ಕೂತು ಕೂತ ನನ್ನ ಮಗಾ ಈ ಹುಚ್ಚ ಹಚ್ಚಿಕೊಂಡ. ಇದಿಲ್ಲದಿದ್ರ ಅಂವಾ ಯಾಕ ಕೊಲ್ಹಾಪುರಕ್ಕ ಹೋಗ್ತಿದ್ದ?"

ಶನಿವಾರ ನಾನು ಸ್ಕ್ರೂ ಬಿಚ್ಚಿ ಮುಚ್ಚಳವನ್ನು ಕಪ್ಪು ಬಟ್ಟೆಯಲ್ಲಿ ಸುತ್ತಿದೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು.

"ಎಲ್ಲಿಗೆ ಒಯ್ತಿ?"

"ಲ್ಯಾಬಿಗೆ. ಸೋಮವಾರ. ದೊಡ್ಡ ದೊಡ್ಡವ್ರು ನೋಡ್ತಾರ. ಇದರಾಗ ಅವ್ರು ಸಿಗಬಹುದು."

"ಯಾರು? ಜಿನ್ನು?"

"ಹೂಂ."

ಅತ್ತೆ ಅಲ್ಲೇ ಬಾಗಿಲ ಚೌಕಟ್ಟು ಹಿಡಿದು ನಿಂತರು. ಹೇಗೆ, ಎಲ್ಲಿ, ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಕೇಳದಿದ್ದರೂ ಹೇಳಬೇಕಿತ್ತು.

ಭಾನುವಾರ ನನಗೆ ಮನೆಯಲ್ಲಿ ಇರಲಾಗಲಿಲ್ಲ. ಇರ್ಫಾನನಿಗೆ ಒಂದು ಬೋರ್ಡು ಕೊಡುವುದಿತ್ತು, ಅದೇ ನೆಪವಾಯಿತು. ಹುಬ್ಬಳ್ಳಿಗೆ ಹೋದೆ, ಅವನ ಅಂಗಡಿಯಲ್ಲಿ ನಿಂತೇ ಚಹಾ ಕುಡಿದೆ, ತೋಳನಕೆರೆಯ ಸುತ್ತ ಎರಡು ಸುತ್ತು ಹಾಕಿ ನಾಲ್ಕರ ಹೊತ್ತಿಗೆ ವಾಪಸಾದೆ.

ಮುಚ್ಚಳ ಕಪಾಟಿನ ಮೇಲಿತ್ತು. ಹಾಲಿನಂತೆ ಬೆಳ್ಳಗೆ.

"ನೋಡ," ಎಂದರು ಅತ್ತೆ. ಹದಿನಾಲ್ಕು ತಿಂಗಳಲ್ಲಿ ಅವರ ಮುಖ ಅಷ್ಟು ಅರಳಿದ್ದನ್ನು ನಾನು ಕಂಡಿರಲಿಲ್ಲ. "ನನ್ನ ಕೈಲೂ ಆಗ್ತದ. ದೊಡ್ಡ ದೊಡ್ಡವ್ರು ನೋಡ್ತಾರ ಅಂದಿದ್ದಿ. ಹೊಲಸ ಡಬ್ಬಿ ಒಯ್ದ್ರ ಏನಂದಾರು? ನನ್ನ ಮಗಾ ಎಂದೂ ಹೊಲಸ ಪೀಸ್ ಹೊರಗ ಕೊಟ್ಟಾಂವಲ್ಲ."

ನಾನು ಮುಚ್ಚಳ ತಿರುವಿ ಒಳಮೈ ನೋಡಿದೆ. ಅದೂ ಬೆಳ್ಳಗಿತ್ತು.

"ಎಷ್ಟ ಹೊತ್ತ ಇಟ್ಟಿದ್ರಿ ಅತ್ತಿ?"

"ನಾಕ ತಾಸ. ಹತ್ತಕ್ಕ ಇಟ್ಟೆ. ತಾಸಿಗೊಮ್ಮೆ ಮ್ಯಾಲ ಹೋಗಿ ತಿರುವಿ ಹಾಕಿದೆ, ಅಂವಾ ಮಾಡ್ತಿದ್ದನಲ್ಲ, ಹಂಗ. ಕೈಗೆ ಗ್ಲೋಜೂ ಹಾಕ್ಕೊಂಡಿದ್ದೆ." ಅವರು ನನ್ನ ಮುಖ ನೋಡಿದರು. "ಯಾಕ? ಕಮ್ಮಿ ಆತೇನು?"

ನನ್ನ ಪಾಕ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದನ್ನು ಲ್ಯಾಬಿನಲ್ಲಿ ನಾನೇ ಅಳೆದಿದ್ದೆ. ಒಳ್ಳೆಯ ಬಿಸಿಲಿನಲ್ಲಿ ಒಂದು ತಾಸಿಗೆ ಎರಡು ವರ್ಷ. ನಾಲ್ಕು ತಾಸಿಗೆ ಎಂಟು. ಮದುವೆಯ ಆರು ವರ್ಷ, ಆಮೇಲಿನ ಹದಿನಾಲ್ಕು ತಿಂಗಳು. ಎಲ್ಲ ಸೇರಿಯೂ ಎಂಟಾಗುವುದಿಲ್ಲ.

"ಇಲ್ರಿ," ಎಂದೆ. "ಛಲೋ ಆಗೇದ."

ತಾರಸಿಗೆ ಹೋದೆ. ಟಬ್ಬು ತೊಳೆದು ಬೋರಲು ಹಾಕಿದ್ದರು. ಗ್ಲೋಜು ತಂತಿಯ ಮೇಲೆ ಒಣಗುತ್ತಿದ್ದವು. ಕೆಳಗೆ ಇಳಿದೆ. ಮತ್ತೆ ಹತ್ತಿದೆ. ಎಷ್ಟು ಸಲ ಎಂದು ಎಣಿಸಲಿಲ್ಲ. ಕೊನೆಗೆ ಅಲ್ಲಿಂದಲೇ ಇರ್ಫಾನನಿಗೆ ಫೋನು ಮಾಡಿ ಹೇಳಿದೆ.



"ಅತ್ತಿ ಮುಂದ ಬಾಯಿ ಬಿಡಬ್ಯಾಡ್ರಿ," ಎಂದೆ. "ಬಳಗದಾಗ ಯಾರೂ ಬಿಡಬಾರದು."

"ಏನ್ ಬಿಡಬಾರದು ಭಾಭೀ? ನೀವು ಫೋನ ಮಾಡೇ ಇಲ್ಲಲ್ಲ," ಎಂದ ಅವನು. ಆಮೇಲೆ ಫೋನು ಇಡುವ ಮುಂಚೆ ಮೂಗು ಒರೆಸಿಕೊಂಡದ್ದು ಕೇಳಿಸಿತು.

*

"ಇದು ಬಿಳಿ ಐತಲ್ಲ ಉಜ್ವಲಾ," ಎಂದರು ಲೋಕಾಪುರ ಸರ್.

"ಹೌದ್ರಿ ಸರ್. ನನ್ನ ಪಾಕಾನ. ನಾಲ್ಕು ತಾಸು."

ಅವರಿಗೂ ಲೆಕ್ಕ ಗೊತ್ತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಬ್ಯಾಡ ಅಂದ್ರ ಈ ದಿನಾ ಬ್ಯಾರೆ ಯಾರಿಗರೆ ಕೊಡೋಣು. ನೀವು ಮನೀಗೆ ಹೋಗ್ರಿ."

"ಮನೀಗೆ ಹೋಗಿ ಏನ್ ಮಾಡ್ಲಿ ಸರ್? ಓದೋಣ್ರಿ."

ಮುಚ್ಚಳವನ್ನು ಹಿಡಿಕೆಗೆ ಕಚ್ಚಿಸಿ ಅಲಗನ್ನು ಇಳಿಸಿದೆವು. ಎರಡು ಬೆರಳಗಲದ ಪಟ್ಟಿಯನ್ನು ಯಂತ್ರ ಹೆರೆಯತೊಡಗಿತು. ಒಂದು ಪದರಕ್ಕೆ ಹನ್ನೆರಡು ನಿಮಿಷ. ನಾನು ಬಾಗಿಲಿಗೂ ಪರದೆಗೂ ನಡುವೆ ಓಡಾಡಿದೆ.

ಮೊದಲ ಚಿತ್ರ ಬಂತು. ಬಿಳಿ. ಎರಡನೆಯದು ಬಿಳಿ. ಮೂರು, ನಾಲ್ಕು, ಐದು. ಸರ್ ಕಿಟಕಿಯ ಹೊರಗೆ ನೋಡುತ್ತಿದ್ದರು. ಎಂಟನೆಯದರ ತನಕ ಒಂದು ಚುಕ್ಕೆಯೂ ಇರಲಿಲ್ಲ. ನನ್ನ ಪಾಕ ಚೆನ್ನಾಗಿ ಕೆಲಸ ಮಾಡಿತ್ತು.

ಒಂಬತ್ತನೆಯದರಲ್ಲಿ ಕೋಣೆ ಮೂಡಿತು. ಕಿಟಕಿ, ಗೋಡೆ, ಖಾಲಿ ನೆಲ. ಅವನು ಹೊರಗೆ ಓದಿದ ವರ್ಷಗಳು, ಕೆಲಸ ಬದಲಿಸುತ್ತ ಊರೂರು ತಿರುಗಿದ ವರ್ಷಗಳು ಒಂದರ ಹಿಂದೊಂದು ಹೋದವು. ಮಧ್ಯಾಹ್ನವಾಯಿತು. ಸರ್ ಉಪ್ಪಿಟ್ಟು ತರಿಸಿದರು. ನಾನು ನಿಂತೇ ತಿಂದೆ. ಮೂರರ ಸುಮಾರಿಗೆ, ಇನ್ನೇನು ನಿಲ್ಲಿಸುವುದೆಂದು ಕೈ ಚಾಚಿದಾಗ, ಇಪ್ಪತ್ತೆರಡನೆಯ ಪದರದಲ್ಲಿ ನೆಲದ ಮೇಲೆ ಏನೋ ಬೆಳ್ಳಗೆ ಕಂಡಿತು.

ಇಪ್ಪತ್ಮೂರರಲ್ಲಿ ಅದಕ್ಕೆ ತಲೆ ಬಂತು. ಇಪ್ಪತ್ನಾಲ್ಕರಲ್ಲಿ ಮಡಿಸಿದ ಮಂಡಿಗಳು. ಇಪ್ಪತ್ತಾರರ ತನಕ ಅದು ಅಲ್ಲೇ ಇತ್ತು, ಅದರಾಚೆ ಏನೂ ಇರಲಿಲ್ಲ.

ಹನ್ನೊಂದು ವರ್ಷದ ಹುಡುಗ. ತಲೆ ಸ್ವಲ್ಪ ಎಡಕ್ಕೆ ವಾಲಿತ್ತು. ಕಪಾಟಿನಿಂದ ಸುಮಾರು ನಾಲ್ಕು ಅಡಿ ದೂರ. ಆ ರಿಮೋಟುಗಳ ವಯರು ಅಷ್ಟೇ ಉದ್ದ; ಆಡಬೇಕೆಂದರೆ ಅಲ್ಲೇ ಕೂರಬೇಕು, ಕದಲುವ ಹಾಗಿಲ್ಲ. ಜೀವನದಲ್ಲಿ ಎಲ್ಲೂ ನಿಲ್ಲದವನನ್ನು ಆ ವಯರು ಐದು ವರ್ಷ ಒಂದೇ ಕಡೆ ಕೂರಿಸಿತ್ತು.

"ಸಿಕ್ಕರಲ್ಲ," ಎಂದರು ಸರ್, ಮೆಲ್ಲಗೆ.

"ಹೂಂ," ಎಂದೆ. ಆಮೇಲೆ ಪರದೆಯ ಹತ್ತಿರ ಹೋದೆ. ಹುಡುಗನ ಬಲಕ್ಕೆ, ಅವನಿಗೆ ತಾಗಿದ ಹಾಗೆ, ಇನ್ನೊಂದು ಆಕಾರವಿತ್ತು. ಅವನಿಗಿಂತ ದೊಡ್ಡದು. ಕೆಳಗೆ ಅಗಲವಾಗಿ ಹರಡಿಕೊಂಡದ್ದು, ಸೀರೆಯುಟ್ಟು ಕೂತವರ ಹಾಗೆ. ಐದು ಪದರಗಳಲ್ಲೂ ಅದು ಅಲ್ಲೇ ಇತ್ತು.

*

ಮನೆಗೆ ಬಂದಾಗ ಅತ್ತೆ ಇನ್ನೂ ಉಂಡಿರಲಿಲ್ಲ. ಹೊತ್ತು ಮುಳುಗಲು ಅರ್ಧ ತಾಸಿತ್ತು. ನಾನು ಚಿತ್ರವನ್ನು ಅವರ ಕೈಗೆ ಕೊಟ್ಟು ಕಿಟಕಿಯ ಬಳಿ ನಿಂತೆ.

ಅವರು ಅದನ್ನು ದೂರ ಹಿಡಿದರು, ಹತ್ತಿರ ಹಿಡಿದರು. ಸೆರಗಿನಿಂದ ಒರೆಸಿದರು, ಕಾಗದದ ಮಸುಕು ಹೋಗುತ್ತದೇನೋ ಎಂಬಂತೆ.

"ಕುತ್ತಿಗಿ ನೋಡ," ಎಂದರು. "ಎಷ್ಟ ಹೇಳಿದ್ರೂ ನೆಟ್ಟಗ ಇಡ್ತಿದ್ದಿಲ್ಲ."

ಬೆರಳು ಪಕ್ಕಕ್ಕೆ ಸರಿಯಿತು. ನಿಂತಿತು.

"ಅತ್ತಿ," ಎಂದೆ, "ಬಾಜೂಕ ಕೂತವ್ರು ಯಾರು?"

ಅವರು ಗೋಡೆಯ ಮೇಲಿದ್ದ ಮಾವನ ಫೋಟೋ ಕಡೆ ಒಮ್ಮೆ ನೋಡಿದರು. ಮಾವ ಪೋಸ್ಟಾಫೀಸಿನಲ್ಲಿದ್ದರು, ಶಿಸ್ತಿನ ಮನುಷ್ಯ, ಆರಕ್ಕೆ ಮನೆಗೆ ಬರುತ್ತಿದ್ದರು.

"ಅವ್ರು ಬರೂದ್ರಾಗ ಆರಿಸಿ ಇಡ್ತಿದ್ವಿ," ಎಂದರು ಅತ್ತೆ. "ಅವ್ರು ಮುಟ್ಟಿದ್ರ ಟಿವಿ ಬಿಸಿ ಹತ್ತಬಾರದಂತ ಹಸಿ ಅರಿವಿ ಹಾಕ್ತಿದ್ದೆ. ಜಿನ್ನೂಗ ಒಬ್ಬನ ಆಡಾಕ ಬ್ಯಾಸರ. ಒಂದ ದಿನಾ, ಅವ್ವಾ ನೀ ಎರಡನೇದ ಹಿಡಿ ಅಂದ. ಹಿಡದೆ." ಅವರು ಎರಡೂ ಹೆಬ್ಬೆರಳುಗಳನ್ನು ಸುಮ್ಮನೆ ಆಡಿಸಿದರು. "ಅಂವಗ ಸೋಲಸ್ತಿದ್ದೆ. ಆ ಟ್ಯಾಂಕಿನ ಆಟದಾಗ. ಸೋತ್ರ ಅಳ್ತಿದ್ದ, ಮಂಗ್ಯಾನಂಥಾಂವ."

"ನೀವು ಎಂದೂ ಹೇಳ್ಲೇ ಇಲ್ಲ."

"ಏನಂತ ಹೇಳೂದು? ಮನಿ ಹೆಣಮಗಳು ಹಾಡ ಹಗಲೀ ಟಿವಿ ಗೇಮ್ ಆಡ್ತಿದ್ಲು ಅಂತ?" ಅವರ ದನಿ ತಗ್ಗಿತು. "ಹುಚ್ಚ ಹಚ್ಚಿದಾಕಿ ನಾನ."

ಕಿಟಕಿಯ ಬೆಳಕು ಕಪಾಟಿನ ಮೇಲೆ ಬಿದ್ದಿತ್ತು. ಮುಚ್ಚಳವಿಲ್ಲದ ಕನ್ಸೋಲಿನ ಹಸಿರು ಬೋರ್ಡು, ಅವನು ಬೆಸೆದ ತಂತಿಗಳು.

ಅತ್ತೆ ಕಾಗದವನ್ನು ತಿರುವಿ ಹಿಂಬದಿ ನೋಡಿದರು. ಬ್ಯಾಗಿನ ಕಡೆ ನೋಡಿದರು.

"ನಿಂದೆಲ್ಲಿ?"

"ಏನ್ರಿ?"

"ನೀನು ಅಂವಾ ಕೂತದ್ದು. ಇದು ನಂದಾತು. ನಿಂದ ಎಲ್ಲಿ ಐತಿ?"

ಉತ್ತರ ದಾರಿಯಲ್ಲಿ ಬರುವಾಗಲೇ ತಯಾರಿಟ್ಟಿದ್ದೆ. ಅವರ ಬೆರಳ ತುದಿಗಳು ಇನ್ನೂ ಬೆಳ್ಳಗೆ ಸುಲಿದಿದ್ದವು. ಗ್ಲೋಜಿನಲ್ಲಿ ಎಲ್ಲೋ ತೂತಿದ್ದಿರಬೇಕು.

"ನಾವು ಕೂತಿದ್ದೇ ಇಲ್ಲಲ್ರಿ ಅತ್ತಿ," ಎಂದೆ. "ಓಡಾಡಿದವ್ರು ಅದರಾಗ ಬರೂದಿಲ್ಲ. ಅವ್ರು ಒಂದ ಕಡೆ ಕೂಡೂ ಪೈಕಿ ಏನ್ರಿ?"

ಅತ್ತೆ ನನ್ನನ್ನು ನೋಡುತ್ತಲೇ ಇದ್ದರು. ಸಂಜೆ ಐದಕ್ಕೆ ನಮ್ಮಿಬ್ಬರಿಗೂ ಚಹಾ ಮಾಡಿ ತಂದು ಕೊಡುತ್ತಿದ್ದದ್ದು ಅವರೇ.

"ಹೌದು," ಎಂದರು ಕೊನೆಗೆ. "ಕಾಲಾಗ ಚಕ್ರ ಇದ್ದುವು ಅವನಿಗೆ."

ಚಿತ್ರವನ್ನು ಮಾವನ ಫೋಟೋದ ಚೌಕಟ್ಟಿಗೆ ಸಿಕ್ಕಿಸಲು ಹೋದವರು, ಯೋಚಿಸಿ, ದೇವರ ಕೋಣೆಯ ಗೂಡಿನಲ್ಲಿಟ್ಟು ಬಂದರು. ಆಮೇಲೆ ಕಪಾಟಿನ ಮುಂದೆ ನಿಂತು, ಡಬ್ಬದಿಂದ ಒಂದು ಕ್ಯಾಸೆಟ್ ತೆಗೆದು, ಅದರ ಬಾಯಿಗೆ ಉಫ್ ಎಂದು ಊದಿದರು.

"ಊದಬಾರದ್ರಿ ಅತ್ತಿ. ಉಗುಳಿನ ಪಸಿಗೆ ಪಿನ್ನು ಜಂಗ ಹಿಡೀತಾವ."

"ನೀ ಬಿಡ, ಇಪ್ಪತ್ತ ವರ್ಷದ ಹಿಂದಿಂದ ಊದೀನಿ." ಕ್ಯಾಸೆಟ್ ಒತ್ತಿ ಕೂರಿಸಿದರು. "ಚಾಲೂ ಆಗ್ತದೇನು ಇದು?"

ಪ್ಲಗ್ ಹಾಕಿದೆ. ಟಿವಿ ಒಂದು ಗಳಿಗೆ ಕಪ್ಪಾಗಿದ್ದು ಆಮೇಲೆ ಬೆಳಗಿತು. ಆ ಹಳೆಯ ಸಣ್ಣ ಸಂಗೀತ ಶುರುವಾಯಿತು. ಅತ್ತೆ ಸೀರೆಯ ನೆರಿಗೆ ಸರಿಮಾಡಿಕೊಂಡು, ಮಂಡಿ ನೋವಿಗೆ ಒಮ್ಮೆ ಹಾ ಎಂದು, ನೆಲದ ಮೇಲೆ ಕೂತರು. ಯೋಚಿಸದೆ ಕೈ ಚಾಚಿ ಎರಡನೆಯ ರಿಮೋಟನ್ನೇ ಎತ್ತಿಕೊಂಡರು. ಮೊದಲನೆಯದನ್ನು ನನ್ನ ಕಡೆ ಹಿಡಿದರು.

"ಊಟಾ?" ಎಂದೆ. "ಹೊತ್ತ ಮುಳುಗ್ತದ."

"ಇನ್ನೂ ಇಪ್ಪತ್ತ ಮಿನಿಟ ಐತಿ. ಹಿಡಿ."

ಹಿಡಿದೆ. ನಿಂತೇ ಆಡುವುದೆಂದುಕೊಂಡೆ. ಒಂದು ಹೆಜ್ಜೆ ಹಿಂದೆ ಸರಿದೆ. ವಯರು ಬಿಗಿಯಾಗಿ, ಕಪಾಟಿನ ಮೇಲೆ ಬೋರ್ಡು ಅಲುಗಿತು. ಮುಂದೆ ಬಂದೆ. ನಿಂತರೆ ರಿಮೋಟು ನನ್ನ ಎದೆಯ ತನಕ ಬರುತ್ತಿರಲಿಲ್ಲ.

ಕೂತೆ.